ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲವೇ? ಗೋಡೆಯ ಸಾಕೆಟ್‌ನಿಂದ ಮದರ್‌ಬೋರ್ಡ್‌ವರೆಗೆ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಂಪ್ಯೂಟರ್ ಕೈಕೊಡುವುದಕ್ಕೂ ಋತುಮಾನವಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿಗೆ ಹೂ ಬರಿಸಲು ತೋಟ ತೋಟದಲ್ಲೂ ಸ್ಪ್ರಿಂಕ್ಲರ್ ಮೋಟರ್ ಓಡುವಾಗ ವೋಲ್ಟೇಜ್ ಕುಸಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಂತಿ ಹಿಡಿದು ಮನೆಯೊಳಗೆ ಬರುತ್ತದೆ. ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಗೋಡೆಯೇ ಬೆವರುವಷ್ಟು ಥಂಡಿ. ಅರಸೀಕೆರೆ, ಕಡೂರಿನ ಬಯಲಿಗೆ ಬಂದರೆ ಥಂಡಿಯ ಜಾಗದಲ್ಲಿ ಧೂಳು. ಕಂಪ್ಯೂಟರ್ ಮಾತ್ರ ಎಲ್ಲ ಕಡೆಯೂ ಒಂದೇ ದೂರು ಹೇಳುತ್ತದೆ: ಆನ್ ಆಗುತ್ತಿಲ್ಲ.

ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ 'ಎಸ್‌ಎಂಪಿಎಸ್ ಹೋಗಿರಬೇಕು' (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜ್‌ಗೆ ಇಳಿಸಿ ಕೊಡುವ ಪೆಟ್ಟಿಗೆ ಅದು) ಎಂದು ಹೊಸದನ್ನು ತಂದು ಹಾಕುವುದು. ಒಮ್ಮೊಮ್ಮೆ ಅದು ಸರಿಯೂ ಆಗುತ್ತದೆ. ಆದರೆ ಸಾಕೆಟ್‌ನಲ್ಲಿ ಅರ್ತಿಂಗ್ ಇಲ್ಲದ ಮನೆಯಲ್ಲಿ, ಅಥವಾ ರ‍್ಯಾಮ್ ಮೇಲೆ ಕಿಲುಬು ಕೂತ ಕಂಪ್ಯೂಟರ್‌ನಲ್ಲಿ, ಹೊಸ ಎಸ್‌ಎಂಪಿಎಸ್ ದುಡ್ಡು ದಂಡ. ಕರೆಂಟು ಗೋಡೆಯಿಂದ ಹೊರಟು, ಎಲ್ಲ ಭಾಗಗಳು ಸೇರುವ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ತಲುಪುವ ದಾರಿಯಲ್ಲಿ ಎಲ್ಲಿ ನಿಂತಿದೆ ಎಂದು ಅಳೆದು ನೋಡಬೇಕು, ಆಮೇಲಷ್ಟೇ ಬಿಡಿಭಾಗ ಬದಲಿಸಬೇಕು. ಈ ಬರಹದ ಕ್ರಮವೂ ಅದೇ.

ಮೊದಲು ಲಕ್ಷಣ ಗುರುತಿಸಿ

'ಆನ್ ಆಗುತ್ತಿಲ್ಲ' ಎಂಬ ಒಂದು ಮಾತಿನೊಳಗೆ ಐದು ಬೇರೆ ಬೇರೆ ಕಾಯಿಲೆಗಳಿವೆ. ಕ್ಯಾಬಿನೆಟ್ ಬಿಚ್ಚುವ ಮೊದಲು ನಿಮ್ಮದು ಯಾವುದು ಎಂದು ನೋಡಿಕೊಳ್ಳಿ.

- ಬಟನ್ ಒತ್ತಿದರೆ ಫ್ಯಾನೂ ಇಲ್ಲ, ಲೈಟೂ ಇಲ್ಲ, ಪೂರ್ತಿ ಸತ್ತಂತಿದೆ: ಸಾಕೆಟ್, ಕೇಬಲ್, ಯುಪಿಎಸ್, ಎಸ್‌ಎಂಪಿಎಸ್, ಪವರ್ ಬಟನ್, ಈ ಕ್ರಮದಲ್ಲಿ ಅನುಮಾನಿಸಿ.
- ಫ್ಯಾನ್ ಅರೆ ಸುತ್ತು ತಿರುಗಿ ನಿಂತುಬಿಡುತ್ತದೆ: ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.
- ನಾಲ್ಕೈದು ಸೆಕೆಂಡ್ ಓಡಿ ಆಫ್ ಆಗುತ್ತದೆ: ಪವರ್ ಬಟನ್ ಒಳಗೇ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು.
- ಫ್ಯಾನ್, ಲೈಟ್ ಎಲ್ಲ ಸರಿ, ಪರದೆ ಮಾತ್ರ ಕಪ್ಪು: ರ‍್ಯಾಮ್, ಡಿಸ್‌ಪ್ಲೇ ಕೇಬಲ್, ಗ್ರಾಫಿಕ್ಸ್ ಕಾರ್ಡ್.
- ಆನ್ ಆಗಿ ಸ್ವಲ್ಪ ಹೊತ್ತಿಗೆ ತಾನೇ ಆಫ್ ಅಥವಾ ರೀಸ್ಟಾರ್ಟ್ ಆಗುತ್ತದೆ: ಬಿಸಿ, ದುರ್ಬಲ ಎಸ್‌ಎಂಪಿಎಸ್, ಇಲ್ಲವೇ ಇನ್ವರ್ಟರ್.

ಪ್ಲಗ್ ಹಾಕಿದೊಡನೆ ಎಂಸಿಬಿ (ಮನೆಯ ವೈರಿಂಗ್‌ನ ರಕ್ಷಣಾ ಸ್ವಿಚ್) ಬಿದ್ದರೆ, ಸುಟ್ಟ ವಾಸನೆ ಬಂದರೆ, 'ಟಪ್' ಎಂದು ಸದ್ದಾಗಿದ್ದರೆ ಇನ್ನೊಮ್ಮೆ ಹಾಕಿ ನೋಡಬೇಡಿ. ಆ ಎಸ್‌ಎಂಪಿಎಸ್ ಕಥೆ ಬಹುಶಃ ಮುಗಿದಿದೆ. ಎರಡನೇ ಪ್ರಯತ್ನದಲ್ಲಿ ಅದು ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಕೈಗೆ ಬೇಕಾದ ಸಾಮಾನು, ಮುಟ್ಟಬಾರದ ಜಾಗ

600 ವೋಲ್ಟ್ ಎಸಿ ಅಳೆಯಬಲ್ಲ ಡಿಜಿಟಲ್ ಮಲ್ಟಿಮೀಟರ್, ನಕ್ಷತ್ರ ತಲೆಯ ಮಧ್ಯಮ ಗಾತ್ರದ ಸ್ಕ್ರೂಡ್ರೈವರ್, ಮೆತ್ತನೆಯ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಬಿಳಿ ಪೆನ್ಸಿಲ್ ರಬ್ಬರ್, ಒಂದು ಸಿಆರ್2032 (ಮದರ್‌ಬೋರ್ಡ್ ಮೇಲಿನ ನಾಣ್ಯದಂಥ) ಬ್ಯಾಟರಿ, ಟಾರ್ಚ್. ಮಲ್ಟಿಮೀಟರ್ ಇಲ್ಲದೆ ಮಾಡುವ ರಿಪೇರಿ ಬಹುಪಾಲು ಊಹೆ. ಉಳಿದ ಸಾಮಾನು ಆಮೇಲಾದರೂ ತರಬಹುದು, ಮೊದಲು ಅದನ್ನು ತನ್ನಿ.

ಕ್ಯಾಬಿನೆಟ್ ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ತಪ್ಪಾಗಿ ನ್ಯೂಟ್ರಲ್ (ಕರೆಂಟು ಮರಳುವ) ತಂತಿಯ ಮೇಲೆ ಕೂತಿರುವ ಹಳೇ ವೈರಿಂಗ್ ನಮ್ಮ ಕಡೆ ಇನ್ನೂ ಇದೆ. ಅಂಥ ಕಡೆ ಸ್ವಿಚ್ ಆಫ್ ಆಗಿದ್ದರೂ ಫೇಸ್ (ಕರೆಂಟು ಬರುವ ತಂತಿ) ಒಳಗೇ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡಿ. 230 ವೋಲ್ಟ್ ಎಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೂ ಪ್ರಾಣ ತೆಗೆಯುವಷ್ಟು ಚಾರ್ಜ್ ಅಲ್ಲಿ ಉಳಿದಿರಬಹುದು. ಮುಂದೆ ಹೇಳುವ ಎಲ್ಲ ಪರೀಕ್ಷೆಯೂ ಅದರ ಹೊರಗೆ ಬಂದ ತಂತಿಗಳಲ್ಲೇ ನಡೆಯುತ್ತದೆ.

ಗೋಡೆ, ಅರ್ತಿಂಗ್, ಯುಪಿಎಸ್

ಯುಪಿಎಸ್, ಸ್ಪೈಕ್ ಗಾರ್ಡ್, ಎಕ್ಸ್‌ಟೆನ್ಷನ್ ಎಲ್ಲ ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ. ಆನ್ ಆಯಿತೆಂದರೆ ನಡುವಿನ ಸಾಧನದ್ದೇ ತಪ್ಪು. ಆಗದಿದ್ದರೆ ಅದೇ ಸಾಕೆಟ್‌ಗೆ ಟೇಬಲ್ ಫ್ಯಾನ್ ಹಾಕಿ. ಮೊಬೈಲ್ ಚಾರ್ಜರ್ ಹಾಕಿ ನೋಡುವುದು ಸರಿಯಾದ ಪರೀಕ್ಷೆಯಲ್ಲ. ಅದು 100 ವೋಲ್ಟ್‌ನಲ್ಲೂ ಕೆಲಸ ಮಾಡುವುದರಿಂದ ವೋಲ್ಟೇಜ್ ನೆಲಕಚ್ಚಿದ್ದರೂ ಚಾರ್ಜ್ ಆಗುತ್ತಲೇ ಇರುತ್ತದೆ.

ಈಗ ಮೀಟರನ್ನು ಎಸಿ 600 ವೋಲ್ಟ್‌ಗೆ ಇಟ್ಟು ಮೂರು ಅಳತೆ ತೆಗೆದುಕೊಳ್ಳಿ. ಪ್ರೋಬ್‌ನ (ಮೀಟರ್‌ನ ಅಳೆಯುವ ಕಡ್ಡಿ) ಲೋಹದ ತುದಿಗೆ ಬೆರಳು ತಾಗದಿರಲಿ, ಕಾಲಿಗೆ ಒಣ ಚಪ್ಪಲಿ ಇರಲಿ.

ಫೇಸ್ ಮತ್ತು ನ್ಯೂಟ್ರಲ್ ನಡುವೆ 207ರಿಂದ 253 ವೋಲ್ಟ್ ಇರಬೇಕು, ಅಂದರೆ 230ಕ್ಕೆ ಶೇಕಡ 10 ಹೆಚ್ಚು ಕಡಿಮೆ. ಪಂಪ್‌ಸೆಟ್‌ಗಳ ಹೊತ್ತಿನಲ್ಲಿ 170, 160ಕ್ಕೆ ಇಳಿಯುವ ಲೈನ್‌ನಲ್ಲಿ ಅಗ್ಗದ ಎಸ್‌ಎಂಪಿಎಸ್ ಏಳುವುದೇ ಇಲ್ಲ. ಅದೇ ಯಂತ್ರ ರಾತ್ರಿ ಹತ್ತರ ಮೇಲೆ ಸರಾಗ ಆನ್ ಆಗುತ್ತದೆ. ನಿಮ್ಮ ಕಂಪ್ಯೂಟರ್ 'ಹಗಲು ಮುನಿಸು, ರಾತ್ರಿ ಸರಿ' ಎಂಬಂತಿದ್ದರೆ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ, ಎರಡು ಹೊತ್ತಿನ ವೋಲ್ಟೇಜ್ ಬರೆದಿಡಿ.

ಫೇಸ್ ಮತ್ತು ಅರ್ತ್ ನಡುವೆ ಹೆಚ್ಚುಕಡಿಮೆ ಅಷ್ಟೇ ವೋಲ್ಟ್ ಬರಬೇಕು. ತೀರ ಕಡಿಮೆ ಬಂದರೆ, ಅಂಕಿ ತೇಲಾಡುತ್ತಿದ್ದರೆ, ಅರ್ತ್ ತಂತಿ ಎಲ್ಲೋ ಕಡಿದಿದೆ ಅಥವಾ ಜೋಡಿಸಿಯೇ ಇಲ್ಲ.

ನ್ಯೂಟ್ರಲ್ ಮತ್ತು ಅರ್ತ್ ನಡುವೆ 2, 3 ವೋಲ್ಟ್ ಮೀರಬಾರದು. 5 ದಾಟಿದರೆ ಅರ್ತಿಂಗ್ ಸೊರಗಿದೆ, ಇಲ್ಲವೇ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ. ಸಡಿಲ ನ್ಯೂಟ್ರಲ್ ಬಹಳ ಅಪಾಯದ ಸಂಗತಿ. ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಮೂರು ಫೇಸ್‌ಗಳ ಹೊರೆ ಏರುಪೇರಾಗಿ ಒಂದು ಮನೆಗೆ 150, ಪಕ್ಕದ ಮನೆಗೆ 350 ವೋಲ್ಟ್ ನುಗ್ಗಬಹುದು. ಬಲ್ಬ್ ಒಮ್ಮೆ ಮಂಕಾಗಿ ಒಮ್ಮೆ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, ಲೈನ್‌ಮನ್ ಬರುವವರೆಗೆ ಕಾಯಿರಿ. ಹಾಸನದವರಿಗೆ ಚೆಸ್ಕಾಂ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಈ ಎರಡು ವಿದ್ಯುತ್ ಕಂಪನಿಗಳಿಗೂ 1912 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂಬ ದೂರು ನಮ್ಮಲ್ಲಿ ಬಹಳ ಸಾಮಾನ್ಯ. ಅದಕ್ಕೆ ಎಸ್‌ಎಂಪಿಎಸ್ ಕೆಟ್ಟಿರಲೇಬೇಕೆಂದಿಲ್ಲ. ಅದರೊಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್‌ಗೆ ಜೋಡಿಸಿರುತ್ತಾರೆ. ಅವುಗಳ ಮೂಲಕ ಸೋರುವ ಅಲ್ಪ ವಿದ್ಯುತ್ ಅರ್ತ್ ತಂತಿಯಲ್ಲಿ ಇಳಿದುಹೋಗಬೇಕು. ಅರ್ತ್ ಇಲ್ಲದಾಗ ಕ್ಯಾಬಿನೆಟ್ ಮೇಲೆ ಸುಮಾರು ಅರ್ಧ ವೋಲ್ಟೇಜ್, 110ರ ಆಸುಪಾಸು, ನಿಂತುಬಿಡುತ್ತದೆ. ಜುಮ್ಮೆನ್ನುವ ಕ್ಯಾಬಿನೆಟ್ ಎಂದರೆ 'ನನಗೆ ಅರ್ತಿಂಗ್ ಇಲ್ಲ' ಎನ್ನುತ್ತಿರುವ ಕ್ಯಾಬಿನೆಟ್. ಇದನ್ನು ಸರಿಪಡಿಸದೆ ಮುಂದಕ್ಕೆ ಹೋಗಬೇಡಿ. ಯುಎಸ್‌ಬಿ ಪೋರ್ಟ್, ಪ್ರಿಂಟರ್ ಒಂದರ ಹಿಂದೊಂದು ಸುಡುವುದಕ್ಕೆ ಇದೂ ಕಾರಣ. ಗುಡ್ಡದ ಮನೆಗಳಲ್ಲಿ ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿ ನಿಷ್ಪ್ರಯೋಜಕವಾಗುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುವುದು ಅತಿ ಅಗ್ಗದ ಚಿಕಿತ್ಸೆ. ಗುಂಡಿಯೇ ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ.

ಪವರ್ ಕೇಬಲ್ ಪರೀಕ್ಷೆ ಎರಡು ನಿಮಿಷದ ಕೆಲಸ. ಎರಡೂ ತುದಿ ಕಿತ್ತು, ಮೀಟರನ್ನು ಕಂಟಿನ್ಯುಟಿಗೆ (ತಂತಿ ಕಡಿದಿಲ್ಲದಿದ್ದರೆ ಬೀಪ್ ಎನ್ನುವ ಮೋಡ್) ಇಟ್ಟು ಮೂರು ತಂತಿಗಳನ್ನೂ ಬೇರೆ ಬೇರೆ ನೋಡಿ. ಮಾನಿಟರ್‌ಗೂ ಬಹುತೇಕ ಇದೇ ಕೇಬಲ್ ಇರುವುದರಿಂದ ಅದಲು ಬದಲು ಮಾಡಿದರೂ ಗೊತ್ತಾಗುತ್ತದೆ. ಎಸ್‌ಎಂಪಿಎಸ್ ಹಿಂಭಾಗದ ಚಿಕ್ಕ ಸ್ವಿಚ್ 'ಒಂದು' ಗುರುತಿನ ಕಡೆ ಇದೆಯೇ ನೋಡಿ, ಗುಡಿಸುವಾಗ ಪೊರಕೆ ತಾಗಿ ಆಫ್ ಆಗಿರುವುದುಂಟು. ಹಳೇ ಎಸ್‌ಎಂಪಿಎಸ್‌ನಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. 115ಕ್ಕೆ ತಿರುಗಿಸಿ ಪ್ಲಗ್ ಹಾಕಿದರೆ ಒಳಗಿನ ವೋಲ್ಟೇಜ್ ಇಮ್ಮಡಿಸಿ ಕೆಪಾಸಿಟರ್ ಸಿಡಿಯುತ್ತದೆ.

ಯುಪಿಎಸ್ ಒಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಕೆಲವು ಯುಪಿಎಸ್‌ಗಳು ಲೈನ್ ಕರೆಂಟು ಇದ್ದರೂ ಆನ್ ಆಗುವುದಿಲ್ಲ. ಜನ ಅದನ್ನು ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಮಳೆಗಾಲದ ಡೆಸ್ಕ್‌ಟಾಪ್: ಒಣಗಿಸದೆ ಬಟನ್ ಒತ್ತಬೇಡಿ

ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಳಸದೆ ಇಟ್ಟ ಕಂಪ್ಯೂಟರ್ ಆನ್ ಆಗದಿದ್ದರೆ ಮತ್ತೆ ಮತ್ತೆ ಬಟನ್ ಒತ್ತುವುದೇ ದೊಡ್ಡ ತಪ್ಪು. ಒಣ ಧೂಳು ವಿದ್ಯುತ್ ಹರಿಸುವುದಿಲ್ಲ. ಅದೇ ಧೂಳು ಥಂಡಿ ಹೀರಿದಾಗ ಹರಿಸುತ್ತದೆ. ಮದರ್‌ಬೋರ್ಡ್ ಮೇಲೆ ಕೂದಲೆಳೆ ಅಂತರದಲ್ಲಿರುವ ಕಾಲುಗಳ ನಡುವೆ ಅದು ಸೇತುವೆಯಾಗುತ್ತದೆ. ಇಲಿ ಉಚ್ಚೆ ಬಿದ್ದಿದ್ದರೆ ಇನ್ನೂ ಕೆಟ್ಟದು, ಅದರಲ್ಲಿನ ಲವಣ ತಾಮ್ರವನ್ನೇ ತಿನ್ನುತ್ತದೆ.

ಹೀಗೆ ಮಾಡಿ. ಪ್ಲಗ್, ಲ್ಯಾನ್ (ಇಂಟರ್ನೆಟ್ ಕೇಬಲ್), ಮಾನಿಟರ್ ಎಲ್ಲ ಕಿತ್ತು ಎಡ ಬದಿಯ ತಗಡು ತೆಗೆಯಿರಿ. ಟಾರ್ಚ್ ಹಿಡಿದು ನೋಡಿ: ಹಸಿರು ಅಥವಾ ಬಿಳಿ ಕಿಲುಬು, ಹಲ್ಲಿ, ಜಿರಳೆ, ಇರುವೆ ಗೂಡು, ಇಲಿ ಕಡಿದ ವೈರ್. ಹಿಂದಿನ ಖಾಲಿ ಸ್ಲಾಟ್‌ಗಳಿಗೆ ತಗಡು ಮುಚ್ಚಿಲ್ಲದ ಕ್ಯಾಬಿನೆಟ್‌ನಲ್ಲಿ ಇವೆಲ್ಲ ಇದ್ದೇ ಇರುತ್ತವೆ. ಎಸ್‌ಎಂಪಿಎಸ್ ಜಾಲರಿಯೊಳಗೂ ಇಣುಕಿ. ಅಲ್ಲಿ ಸತ್ತ ಹಲ್ಲಿ ಕಂಡರೆ ಅದಕ್ಕೆ ಕರೆಂಟು ಕೊಡಲೇಬೇಡಿ, ನೇರ ಅಂಗಡಿಗೆ ಒಯ್ಯಿರಿ.

ಬ್ರಷ್‌ನಿಂದ ಧೂಳು ತೆಗೆದು ಟೇಬಲ್ ಫ್ಯಾನ್ ಗಾಳಿಗೆ ಇಡೀ ದಿನ ಬಿಡಿ. ನಮ್ಮ ಕಡೆ ಬಟ್ಟೆ ಬೀರುವಿನಲ್ಲಿ ಬೂಷ್ಟು ಹಿಡಿಯದಂತೆ ಬಲ್ಬ್ ಉರಿಸಿಡುವ ರೂಢಿ ಇದೆಯಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ: 60 ವ್ಯಾಟ್‌ನ ಹಳೇ ಮಾದರಿಯ ಫಿಲಮೆಂಟ್ ಬಲ್ಬನ್ನು ತೆರೆದ ಕ್ಯಾಬಿನೆಟ್‌ನಿಂದ ಎರಡು ಅಡಿ ದೂರ ಇಟ್ಟು ಬೆಚ್ಚಗಿಡಿ. ಎಲ್‌ಇಡಿ ಬಲ್ಬ್ ಸಾಕಷ್ಟು ಶಾಖ ಕೊಡುವುದಿಲ್ಲ, ಅದು ಬೇಡ. ಒಲೆಯ ಹತ್ತಿರ ಅಥವಾ ಅಟ್ಟದ ಮೇಲೆ ಒಣಗಿಸುವುದೂ ಬೇಡ, ಹೊಗೆಯ ಮಸಿ ಜಿಡ್ಡಾಗಿ ಕೂರುತ್ತದೆ. ಹೇರ್ ಡ್ರೈಯರ್ ಬಿಸಿಗಾಳಿ ಪ್ಲಾಸ್ಟಿಕ್ ಸಾಕೆಟ್‌ಗಳನ್ನು ಸೊಟ್ಟಗೆ ಮಾಡೀತು. ಕಿಲುಬು ಕಂಡ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬ್ರಷ್‌ನಿಂದ ತಿಕ್ಕಿ ಇನ್ನೊಂದು ಗಂಟೆ ಆರಲು ಬಿಡಿ.

ರ‍್ಯಾಮ್ ಕಡ್ಡಿಗಳನ್ನು ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ, ಆಲ್ಕೊಹಾಲ್‌ನಿಂದ ಒರೆಸಿ. ಒರಟಾದ ಇಂಕ್ ರಬ್ಬರ್ ಚಿನ್ನದ ಲೇಪವನ್ನೇ ಕಿತ್ತುಹಾಕುತ್ತದೆ. ಮಲೆನಾಡಿನಲ್ಲಿ ಮಳೆಗಾಲದ 'ಪರದೆ ಕಪ್ಪು' ದೂರಿಗೆ ಮೊದಲು ಮಾಡಬೇಕಾದ್ದು ಈ ಒಂದು ಕೆಲಸ, ಎಷ್ಟೋ ಸಲ ಇಷ್ಟಕ್ಕೇ ಯಂತ್ರ ಏಳುತ್ತದೆ.

ಪವರ್ ಬಟನ್

ಬಟನ್ ಒತ್ತಿದಾಗ 'ಟಕ್' ಎಂದು ಹಿಂದೆ ಚಿಮ್ಮದಿದ್ದರೆ ಅನುಮಾನಿಸಿ. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗುವ ವ್ಯವಸ್ಥೆ ಬಹುತೇಕ ಎಲ್ಲ ಬೋರ್ಡ್‌ಗಳಲ್ಲೂ ಇದೆ. ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಬೋರ್ಡ್ ಅದನ್ನು ಹಾಗೇ ಅರ್ಥ ಮಾಡಿಕೊಳ್ಳುತ್ತದೆ.

ಮದರ್‌ಬೋರ್ಡ್‌ನ ಕೆಳ ಬಲ ಮೂಲೆಯಲ್ಲಿ ಫ್ರಂಟ್ ಪ್ಯಾನೆಲ್ ಪಿನ್‌ಗಳ ಗುಂಪು ಇರುತ್ತದೆ, ಎರಡು ಸಾಲಿನಲ್ಲಿ ಒಟ್ಟು ಒಂಬತ್ತು. ಬಹುತೇಕ ಬೋರ್ಡ್‌ಗಳಲ್ಲಿ 6 ಮತ್ತು 8ನೇ ಪಿನ್ ಪವರ್ ಬಟನ್‌ಗೆ, 5 ಮತ್ತು 7 ರೀಸೆಟ್‌ಗೆ. ಬೋರ್ಡ್ ಮೇಲಿನ ಅಚ್ಚು ನೋಡಿ ಖಚಿತಪಡಿಸಿಕೊಳ್ಳಿ. ಬಟನ್‌ನ ವೈರ್ ಕಿತ್ತು, ಪ್ಲಗ್ ಹಾಕಿ, 6 ಮತ್ತು 8ನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಸೆಕೆಂಡ್ ತಾಗಿಸಿ. ಆನ್ ಆಗಿ ಹಾಗೇ ನಿಂತರೆ ಬಟನ್ನೇ ಕೆಟ್ಟಿದೆ. ಹೊಸ ಬಟನ್ ಸಿಗುವವರೆಗೆ ರೀಸೆಟ್ ಬಟನ್‌ನ ವೈರನ್ನು ಪವರ್ ಪಿನ್‌ಗೆ ಹಾಕಿಕೊಳ್ಳಿ. ಬಟವಾಡೆ (ಕೂಲಿ ಹಂಚುವ) ದಿನ ತೋಟದ ಲೆಕ್ಕ ಬರೆಯುವ ರೈಟರ್ ಕೆಲಸ ನಿಲ್ಲದಿರಲು ಇಷ್ಟು ಸಾಕು.

ಎಸ್‌ಎಂಪಿಎಸ್ ಅಳೆಯುವುದು

ಇಲ್ಲಿ ಅವಸರ ಬೇಡ. ಸ್ಟ್ಯಾಂಡರ್ಡ್ ಎಟಿಎಕ್ಸ್ (ಸಾಮಾನ್ಯ ಡೆಸ್ಕ್‌ಟಾಪ್ ಅಳತೆಯ) ಎಸ್‌ಎಂಪಿಎಸ್‌ನಿಂದ 24 ಪಿನ್‌ನ ದೊಡ್ಡ ಕನೆಕ್ಟರ್ ಬೋರ್ಡ್‌ಗೆ ಹೋಗುತ್ತದೆ. ತಂತಿಗಳ ಬಣ್ಣವೇ ನಮಗೆ ನಕ್ಷೆ. ಎಲ್ಲ ತಂತಿಯೂ ಕಪ್ಪಾಗಿರುವ ಹೊಸ ಮಾದರಿಗಳಲ್ಲಿ ಪಿನ್ ಸಂಖ್ಯೆ ಎಣಿಸಬೇಕು.

ಮೀಟರ್ ಡಿಸಿ 20 ವೋಲ್ಟ್‌ಗೆ. ಕಪ್ಪು ಪ್ರೋಬ್ ಯಾವುದಾದರೂ ಕಪ್ಪು ತಂತಿಯ ಪಿನ್‌ಗೆ. ಕನೆಕ್ಟರ್ ಬೋರ್ಡ್‌ನಲ್ಲೇ ಇರಲಿ, ಪ್ರೋಬನ್ನು ಹಿಂಬದಿಯಿಂದ ತಂತಿಯ ಪಕ್ಕದಲ್ಲಿ ತೂರಿಸಿ. ಒಂದು ಸಲಕ್ಕೆ ಒಂದೇ ಪಿನ್ ಮುಟ್ಟಬೇಕು, ಪ್ರೋಬ್ ಜಾರಿ ಎರಡಕ್ಕೆ ತಾಗಿದರೆ ಶಾರ್ಟ್.

1. ಪ್ಲಗ್ ಹಾಕಿ, ಬಟನ್ ಒತ್ತದೆ, ನೇರಳೆ ತಂತಿ (ಪಿನ್ 9) ಅಳೆಯಿರಿ. 4.75ರಿಂದ 5.25 ವೋಲ್ಟ್ ಬರಬೇಕು. ಇದು ಕಂಪ್ಯೂಟರ್ ಆಫ್ ಇದ್ದಾಗಲೂ ಎಚ್ಚರವಾಗಿರುವ ಸ್ಟ್ಯಾಂಡ್‌ಬೈ ವಿದ್ಯುತ್. ಸೊನ್ನೆ ಬಂದರೆ ಪ್ಲಗ್ ಕಿತ್ತು, 24 ಪಿನ್ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ, ಮತ್ತೆ ಪ್ಲಗ್ ಹಾಕಿ ಅಳೆಯಿರಿ. ಈಗ 5 ಬಂದರೆ ಬೋರ್ಡ್‌ನಲ್ಲಿ ಶಾರ್ಟ್. ಈಗಲೂ ಸೊನ್ನೆಯಾದರೆ ಎಸ್‌ಎಂಪಿಎಸ್ ಸತ್ತಿದೆ.

2. ಹಸಿರು ತಂತಿ (ಪಿನ್ 16) ನೋಡಿ. ಆಫ್ ಇದ್ದಾಗ 3ರಿಂದ 5 ವೋಲ್ಟ್. ಬಟನ್ ಒತ್ತಿದೊಡನೆ 0.8ಕ್ಕಿಂತ ಕೆಳಗೆ ಬೀಳಬೇಕು. ಬೋರ್ಡ್ ಎಸ್‌ಎಂಪಿಎಸ್‌ಗೆ 'ಏಳು' ಎಂದು ಹೇಳುವುದು ಹೀಗೆ. ಬೀಳದಿದ್ದರೆ ಬಟನ್ ಅಥವಾ ಬೋರ್ಡ್ ದೋಷ, ಎಸ್‌ಎಂಪಿಎಸ್ ಬದಲಿಸಿ ಪ್ರಯೋಜನವಿಲ್ಲ. ಬಿದ್ದೂ ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಮಾತು ಕೇಳುತ್ತಿಲ್ಲ, ಅಥವಾ ಶಾರ್ಟ್ ಕಂಡು ತಕ್ಷಣ ಹಿಂದೆ ಸರಿಯುತ್ತಿದೆ.

3. ಎದ್ದ ಮೇಲೆ ಹಳದಿ 11.40ರಿಂದ 12.60, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟ್ ಒಳಗಿರಬೇಕು.

4. ಬೂದು ತಂತಿ (ಪಿನ್ 8) 5 ವೋಲ್ಟ್ ತೋರಿಸಬೇಕು. ಎಲ್ಲ ವೋಲ್ಟೇಜ್ ಸರಿಯಾಗಿದೆ ಎಂದು ಎಸ್‌ಎಂಪಿಎಸ್ ಬೋರ್ಡ್‌ಗೆ ಕೊಡುವ ಒಪ್ಪಿಗೆ ಇದು, ಆನ್ ಆದ 100ರಿಂದ 500 ಮಿಲಿಸೆಕೆಂಡ್ ಒಳಗೆ ಬರಬೇಕು. ಫ್ಯಾನ್ ತಿರುಗುತ್ತಿದ್ದು ಈ ಒಪ್ಪಿಗೆ ಬಾರದಿದ್ದರೆ ಪ್ರೊಸೆಸರ್ ಕೆಲಸವನ್ನೇ ಶುರು ಮಾಡುವುದಿಲ್ಲ. ಪರದೆ ಕಪ್ಪಗಿರುವುದಕ್ಕೆ ರ‍್ಯಾಮ್ ಬೈಯುವ ಮೊದಲು ಈ ತಂತಿ ನೋಡಿ.

ಬೋರ್ಡ್ ಬಿಟ್ಟು ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಲು, ಎಲ್ಲ ಕನೆಕ್ಟರ್ ಬಿಡಿಸಿ, ಪ್ಲಗ್ ಕಿತ್ತಿರುವಾಗಲೇ, ಹಸಿರು ಪಿನ್ನನ್ನು ಪಕ್ಕದ ಕಪ್ಪು ಪಿನ್‌ಗೆ ವೈರ್ ತುಂಡಿನಿಂದ ಜೋಡಿಸಿ. ಹೊರೆಗೆ ಒಂದು ಕ್ಯಾಬಿನೆಟ್ ಫ್ಯಾನ್ ಅಥವಾ ಹಳೇ ಹಾರ್ಡ್‌ಡಿಸ್ಕ್ ಹಾಕಿ, ಆಮೇಲೆ ಪ್ಲಗ್ ಹಾಕಿ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿರುವುದು ಹೆಚ್ಚುಕಡಿಮೆ ಖಚಿತ. ತಿರುಗಿದರೆ ಎಸ್‌ಎಂಪಿಎಸ್ ಒಳ್ಳೆಯದು ಎಂದು ಮಾತ್ರ ತಿಳಿಯಬೇಡಿ. ಫ್ಯಾನ್ ಹೊರೆ ಎರಡು ಮೂರು ವ್ಯಾಟ್, ನಿಜವಾದ ಕೆಲಸದ ಹೊರೆ ನೂರು ದಾಟಬಹುದು. ಒಳಗಿನ ಕೆಪಾಸಿಟರ್ ಸೊರಗಿದ ಎಸ್‌ಎಂಪಿಎಸ್ ಈ ಪರೀಕ್ಷೆಯಲ್ಲಿ ಪಾಸಾಗಿ ಬೋರ್ಡ್‌ಗೆ ಹಾಕಿದಾಗ ಮುಗ್ಗರಿಸುತ್ತದೆ.

ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಕಚೇರಿ ಮಾದರಿ ಡೆಸ್ಕ್‌ಟಾಪ್‌ಗಳು ಗ್ರಾಮ ಪಂಚಾಯಿತಿ, ಸೊಸೈಟಿ, ಶಾಲೆಗಳಲ್ಲಿ ಬಹಳ ಇವೆ. ಇವುಗಳ ಅನೇಕ ಮಾದರಿಗಳಲ್ಲಿ 24 ಪಿನ್ ಇರುವುದಿಲ್ಲ, ಕಂಪನಿಯದೇ ಆದ 6, 8 ಅಥವಾ 10 ಪಿನ್ ಕನೆಕ್ಟರ್ ಇರುತ್ತದೆ. ಮೇಲಿನ ಬಣ್ಣದ ಲೆಕ್ಕ ಅಲ್ಲಿ ನಡೆಯದು, ವೈರ್ ತುಂಡಿನ ಪರೀಕ್ಷೆಯನ್ನು ಅಲ್ಲಿ ಮಾಡಲೇಬೇಡಿ. ಕೆಲವು ಮಾದರಿಗಳ ಎಸ್‌ಎಂಪಿಎಸ್ ಹಿಂಬದಿಯಲ್ಲಿ ಪರೀಕ್ಷೆಯ ಚಿಕ್ಕ ಬಟನ್ ಮತ್ತು ಹಸಿರು ದೀಪ ಕೊಟ್ಟಿರುತ್ತಾರೆ, ಅದನ್ನು ಬಳಸಿ.

ಫ್ಯಾನ್ ಒಮ್ಮೆ ಅಲುಗಿ ನಿಂತರೆ

ಶಾರ್ಟ್ ಇರುವ ಭಾಗವನ್ನು ಒಂದೊಂದಾಗಿ ಬಿಡಿಸುತ್ತ ಹಿಡಿಯಬೇಕು. ಪ್ರತಿ ಪ್ರಯತ್ನದ ನಡುವೆ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ರಕ್ಷಣಾ ಬೀಗ ಸಡಿಲಗೊಳ್ಳದೆ ದೋಷ ಹೋದರೂ ಏಳುವುದಿಲ್ಲ.

ಮೊದಲು ಹೊರಗಿನ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆಯಿರಿ. ಪೆನ್‌ಡ್ರೈವ್ ಒರಟಾಗಿ ತುರುಕಿ ಪೋರ್ಟ್ ಒಳಗಿನ ನಾಲಿಗೆ ಮುರಿದು ಪಿನ್‌ಗಳು ಒಂದಕ್ಕೊಂದು ತಾಗಿದ್ದರೆ ಅಷ್ಟಕ್ಕೇ ಯಂತ್ರ ಏಳದಿರಬಹುದು. ಮುಂಭಾಗದ ಯುಎಸ್‌ಬಿ ಕೇಬಲನ್ನು ಬೋರ್ಡ್‌ನಿಂದಲೇ ಬಿಡಿಸಿ ನೋಡಿ. ಆಮೇಲೆ ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್ ಕ್ರಮವಾಗಿ ತೆಗೆಯಿರಿ. ಕೊನೆಗೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್‌ನ ಹಳದಿ-ಕಪ್ಪು ಕನೆಕ್ಟರ್ ಬಿಡಿಸಿ ಒಂದು ಸಲ ಬಟನ್ ಒತ್ತಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗದಲ್ಲಿ ಮಾಸ್ಫೆಟ್ (ವಿದ್ಯುತ್ ನಿಯಂತ್ರಿಸುವ ಪುಟ್ಟ ಬಿಡಿಭಾಗ) ಸುಟ್ಟು ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಇದು ಚಿಪ್ ಮಟ್ಟದ ರಿಪೇರಿ, ಮನೆಯಲ್ಲಿ ಆಗದು.

ಇಷ್ಟಾದರೂ ಸಿಗದಿದ್ದರೆ ಬೋರ್ಡನ್ನು ಹೊರತೆಗೆದು ಒಣ ರಟ್ಟಿನ ಮೇಲೆ ಇಟ್ಟು ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್ ಇಷ್ಟರಿಂದಲೇ ಆನ್ ಮಾಡಿ. ಬೋರ್ಡ್ ಬಂದ ಬೂದು ಬಣ್ಣದ ಚೀಲದ ಮೇಲೆ ಇಡಬೇಡಿ, ಅದರ ಹೊರಮೈ ವಿದ್ಯುತ್ ಹರಿಸುತ್ತದೆ. ಹೊರಗೆ ಸರಿಯಾಗಿ ನಡೆದರೆ ಕ್ಯಾಬಿನೆಟ್ ಒಳಗೆ ಉದುರಿದ ಸ್ಕ್ರೂ, ತಪ್ಪು ಜಾಗದಲ್ಲಿ ಕೂತ, ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಕಂಬ, ಬಾಗಿದ ತಗಡು ಹುಡುಕಿ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿದೆಯೇ, ಕಂದು ರಸ ಒಸರಿದೆಯೇ ನೋಡಿ.

ಎಲ್ಲ ತಿರುಗುತ್ತದೆ, ಪರದೆ ಕಪ್ಪು

ಮಾನಿಟರ್ ಕೇಬಲ್ ಎಲ್ಲಿ ಹಾಕಿದೆ? ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ ಕಾರ್ಡ್‌ಗೇ ಹೋಗಬೇಕು. ಇಂಟೆಲ್‌ನ ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್‌ಗಳಿಗೂ, ಎಎಂಡಿ ರೈಜನ್ 5000ದವರೆಗಿನ 'ಜಿ' ಇಲ್ಲದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೂ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡ್‌ನ ಎಚ್‌ಡಿಎಂಐಗೆ ಎಷ್ಟು ಸಲ ಹಾಕಿದರೂ ಚಿತ್ರ ಬಾರದು.

ನಂತರ ಒಂದೇ ರ‍್ಯಾಮ್ ಕಡ್ಡಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್‌ನಿಂದ ಎರಡನೆಯದರಲ್ಲಿ ಹಾಕಿ, ಎರಡೂ ಕೊಕ್ಕೆ 'ಟಕ್' ಎನ್ನುವವರೆಗೆ ಒತ್ತಿ. ಆಗದಿದ್ದರೆ ಇನ್ನೊಂದು ಕಡ್ಡಿ, ಇನ್ನೊಂದು ಸ್ಲಾಟ್. ಬೋರ್ಡ್ ಮೇಲೆ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ಪುಟ್ಟ ದೀಪಗಳಿದ್ದರೆ ಯಾವುದು ಆರದೆ ಉಳಿಯುತ್ತದೆಯೋ ಅಲ್ಲೇ ದೋಷ. ದೀಪ ಇಲ್ಲದ ಬೋರ್ಡ್‌ಗೆ ಚಿಕ್ಕ ಬಜರ್ ಸ್ಪೀಕರ್ ಹಾಕಿ. ರ‍್ಯಾಮ್ ಎಲ್ಲ ತೆಗೆದು ಆನ್ ಮಾಡಿದಾಗ ಬೀಪ್ ಕೂಗಿದರೆ ಬೋರ್ಡ್, ಪ್ರೊಸೆಸರ್ ಜೀವಂತ ಇವೆ ಎಂದು ಅರ್ಥ. ಡಿಡಿಆರ್5 ರ‍್ಯಾಮ್ ಇರುವ ಹೊಸ ಯಂತ್ರಗಳು ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಸಲ ಹಲವು ನಿಮಿಷ ಕಪ್ಪಗೇ ಇರುತ್ತವೆ. ಹತ್ತು ನಿಮಿಷವಾದರೂ ಕಾಯಿರಿ.

ಸಿಆರ್2032 ಬ್ಯಾಟರಿ ಅಳೆಯಿರಿ. ಹೊಸದರಲ್ಲಿ 3 ವೋಲ್ಟ್ ದಾಟಿರುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಪ್ಲಗ್ ಕಿತ್ತು, ಬ್ಯಾಟರಿ ತೆಗೆದು, ಬೋರ್ಡ್ ಮೇಲೆ ಕ್ಲಿಯರ್ ಸಿಮಾಸ್ ಎಂದು ಬರೆದಿರುವ ಜಂಪರನ್ನು (ಎರಡು ಪಿನ್ ಜೋಡಿಸುವ ಪುಟ್ಟ ಮುಚ್ಚಳ) ಹತ್ತು ಸೆಕೆಂಡ್ ಸ್ಥಳಾಂತರಿಸಿ ಮರಳಿ ಹಾಕಿ. ಇದಾದ ಮೇಲೆ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಸೆಟ್ಟಿಂಗ್ ಮೂಲ ಸ್ಥಿತಿಗೆ ಹೋಗುತ್ತದೆ: ದಿನಾಂಕ ಸರಿಪಡಿಸಿ, ಬೂಟ್ ಮೋಡ್ ಲೆಗಸಿಯೋ ಯುಇಎಫ್‌ಐಯೋ ಮೊದಲಿದ್ದಂತೆ ಇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ನ ಮಾಹಿತಿಗೆ ಬೀಗ) ಹಾಕಿದ್ದರೆ ರಿಕವರಿ ಕೀ ಕೇಳೀತು, ಅದನ್ನು ಕೈಯಲ್ಲಿಟ್ಟುಕೊಂಡೇ ಜಂಪರ್ ಮುಟ್ಟಿ.

ಆನ್ ಆಗಿ ತಾನೇ ಆಫ್ ಆದರೆ

ಒಂದೆರಡು ನಿಮಿಷಕ್ಕೆ ಆಫ್ ಆದರೆ ಪ್ರೊಸೆಸರ್ ಕೂಲರ್ ನೋಡಿ. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮೇಲೆದ್ದರೂ ಬಿಸಿಯೇರಿ ಆಫ್ ಆಗಲು ಸಾಕು. ಕೂಲರ್ ಅಡಿಯ ಹಳೇ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ಒರೆಸಿ ಬಟಾಣಿ ಗಾತ್ರದಷ್ಟು ಹೊಸದು ಹಾಕಿ.

ಕರೆಂಟು ಹೋದಾಗ ಮಾತ್ರ ರೀಸ್ಟಾರ್ಟ್ ಆಗುತ್ತದೆ, ಮನೆಯಲ್ಲಿ ಇನ್ವರ್ಟರ್ ಇದೆ ಎಂದಾದರೆ ಕಂಪ್ಯೂಟರ್‌ನಲ್ಲಿ ದೋಷವೇ ಇಲ್ಲದಿರಬಹುದು. ಕರೆಂಟು ಕಡಿದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಚಾರ್ಜ್‌ನಿಂದ ಬಾಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿದ್ದರೆ ಅಷ್ಟರಲ್ಲಿ ಕೈಗೆತ್ತಿಕೊಳ್ಳುವುದಿಲ್ಲ. ಹಿಂಭಾಗದ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ಆಗ ಕಡಿಮೆ ವೋಲ್ಟೇಜ್‌ಗೆ ಅದು ಬೇಗ ಬ್ಯಾಟರಿಗೆ ಹೋಗುತ್ತದೆ, ಪಂಪ್‌ಸೆಟ್ ಲೈನ್‌ನವರು ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಸ್ಕ್ವೇರ್ ವೇವ್ ಇನ್ವರ್ಟರ್‌ಗಿಂತ ಸೈನ್ ವೇವ್ ಕಂಪ್ಯೂಟರ್‌ಗೆ ಹಿತ.

ಸಿಡಿಲಿನ ಮರುದಿನ

ಗುಡುಗು ಕೇಳಿದೊಡನೆ ಪವರ್ ಪ್ಲಗ್ ಕೀಳುವುದು ನಮ್ಮವರಿಗೆ ಗೊತ್ತು. ಲ್ಯಾನ್ ಕೇಬಲ್ ಕೀಳುವುದನ್ನು ಮರೆಯುತ್ತಾರೆ. ಮನೆಗೆ ಬರುವ ಇಂಟರ್ನೆಟ್ ಫೈಬರ್ ಗಾಜು, ನಿಜ. ಆದರೆ ಫೈಬರ್ ಬಂದು ಸೇರುವ ರೂಟರ್ ಅಡಾಪ್ಟರ್ ಗೋಡೆಯ ಕರೆಂಟಿಗೇ ಸೇರಿದೆ, ಅಲ್ಲಿಂದ ಕಂಪ್ಯೂಟರ್‌ಗೆ ಬರುವ ಲ್ಯಾನ್ ಕೇಬಲ್ ತಾಮ್ರ. ಸಿಸಿಟಿವಿ ಕೇಬಲ್ ತೋಟದ ಗೇಟಿನವರೆಗೆ ಎಳೆದಿದ್ದರೆ ಅದಂತೂ ಸಿಡಿಲನ್ನು ಹಿಡಿದು ತರುವ ತಂತಿ. ಈ ದಾರಿಯಲ್ಲಿ ಬಂದ ಹೊಡೆತಕ್ಕೆ ಎಸ್‌ಎಂಪಿಎಸ್ ಗಟ್ಟಿಯಾಗಿದ್ದು ಬೋರ್ಡ್ ಸಾಯುತ್ತದೆ. ಲ್ಯಾನ್ ಪೋರ್ಟ್ ಬಳಿಯ ಚಿಪ್ ಮೇಲೆ ಚುಕ್ಕಿಯಷ್ಟು ಗುಳಿ, ಸುಟ್ಟ ಗುರುತು ಹುಡುಕಿ. ಯಂತ್ರ ಆನ್ ಆಗಿ ಲ್ಯಾನ್ ಮಾತ್ರ ಸತ್ತಿದ್ದರೆ ಬೋರ್ಡ್ ಬದಲಿಸಬೇಕಿಲ್ಲ, ಬಯೋಸ್‌ನಲ್ಲಿ ಆ ಪೋರ್ಟ್ ನಿಲ್ಲಿಸಿ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿಕೊಳ್ಳಿ.

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ, ಯಂತ್ರ ಒಯ್ಯುವಾಗ

ಪೆಟ್ಟಿಗೆಯ ಮೇಲಿನ ದೊಡ್ಡಕ್ಷರದ ವ್ಯಾಟ್ ನಂಬಬೇಡಿ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್‌ನ ಆಂಪಿಯರ್ ಓದಿ. 450 ವ್ಯಾಟ್ ಎಂದು ಬರೆದು 12 ವೋಲ್ಟ್‌ಗೆ 14 ಆಂಪಿಯರ್ ಎಂದಿದ್ದರೆ ಪ್ರೊಸೆಸರ್, ಗ್ರಾಫಿಕ್ಸ್‌ಗೆ ಸಿಗುವುದು 168 ವ್ಯಾಟ್ ಮಾತ್ರ. 80 ಪ್ಲಸ್ (ದಕ್ಷತೆಯ ಪ್ರಮಾಣ) ಗುರುತಿರುವ, ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಬರೆದಿರುವ ಆ್ಯಕ್ಟಿವ್ ಪಿಎಫ್‌ಸಿ ಮಾದರಿ ನಮ್ಮ ಏರುಪೇರಿನ ಲೈನ್‌ಗೆ ತಕ್ಕದ್ದು. ಹಳೇ ಮಾಡ್ಯುಲರ್ (ಕೇಬಲ್ ಬಿಡಿಸಬಹುದಾದ) ಎಸ್‌ಎಂಪಿಎಸ್‌ನ ಕೇಬಲನ್ನು ಹೊಸದಕ್ಕೆ ಸಿಕ್ಕಿಸಬೇಡಿ. ತುದಿಯ ಆಕಾರ ಒಂದೇ ಇದ್ದರೂ ಒಳಗಿನ ಜೋಡಣೆ ಬೇರೆಯಿದ್ದು ಹಾರ್ಡ್‌ಡಿಸ್ಕ್ ಸುಟ್ಟೀತು.

ಚಿಪ್ ಮಟ್ಟದ ರಿಪೇರಿಗೆ ಹಾಸನಕ್ಕೋ ಚಿಕ್ಕಮಗಳೂರಿಗೋ ಒಯ್ಯಬೇಕಾದರೆ ಮೊದಲು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಇಡಿ, ತಿರುವು ರಸ್ತೆಯ ಬಸ್ ಕುಲುಕಾಟಕ್ಕೆ ಅದು ಸ್ಲಾಟನ್ನೇ ಮುರಿಯುತ್ತದೆ. ದಪ್ಪ ಕೂಲರ್ ಇದ್ದರೆ ಕ್ಯಾಬಿನೆಟ್ ಮಲಗಿಸಿ ಒಯ್ಯಿರಿ. ಕೂಲಿ ಲೆಕ್ಕ, ಪಹಣಿ, ಮಕ್ಕಳ ಫೋಟೊ ಇರುವ ಹಾರ್ಡ್‌ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಆನ್ ಆಗದ ದೋಷ ಹುಡುಕಲು ಅದು ಬೇಕಿಲ್ಲ. ಅಂಗಡಿಯವರಿಗೆ 'ಆನ್ ಆಗ್ತಿಲ್ಲ' ಎಂದಷ್ಟೇ ಹೇಳದೆ, ನೇರಳೆ ತಂತಿಯಲ್ಲಿ ಎಷ್ಟು ವೋಲ್ಟ್ ಬಂತು, ಬಟನ್ ಒತ್ತಿದಾಗ ಹಸಿರು ಬಿತ್ತೇ ಇಲ್ಲವೇ, ಯಾವ ಕನೆಕ್ಟರ್ ಬಿಡಿಸಿದಾಗ ಫ್ಯಾನ್ ನಿಲ್ಲದೆ ತಿರುಗಿತು ಎಂಬ ಮೂರು ಸಾಲು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ಗೆ ಅಂಟಿಸಿ ಕೊಡಿ.